‘ಅಲ್ಲಿದ್ದೂ’ ಎಂಬ ಹೊನ್ನಶೂಲ

ಹೋದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನನ್ನ ಕಥೆಗಳ ಪುಸ್ತಕ ಬಿಡುಗಡೆಯಾಯಿತು. ಮುಖ್ಯ ಅತಿಥಿಗಳು ಬಣ್ಣದ ಕಾಗದ ಬಿಚ್ಚಿ ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದರು. ಫೋಟೊದವನು ‘ಸಾರ್, ಇನ್ನೊಂದ್ಸಲ’ ಅಂದಾಗ ಇನ್ನೊಂದು ಸಲ ಹಿಡಿದರು. ಆಮೇಲೆ ಮೈಕಿನ ಮುಂದೆ ನಿಂತು, ‘ಈ ತಾಯಿ ಅಷ್ಟು ದೂರ ಅಮೆರಿಕದಲ್ಲಿದ್ದೂ ಕನ್ನಡ ಮರೆತಿಲ್ಲ ನೋಡಿ’ ಅಂದರು. ಚಪ್ಪಾಳೆ. ಮುಂದಿನ ಇಪ್ಪತ್ತು ನಿಮಿಷ ತಾವು ನಯಾಗರಾ ನೋಡಿದ್ದು, ಅಲ್ಲಿ ಯಾರದೋ ಮನೆಯಲ್ಲಿ ಅಕ್ಕಿರೊಟ್ಟಿ ತಿಂದದ್ದು, ಆ ದೇಶದ ರಸ್ತೆಗಳಲ್ಲಿ ಯಾರೂ ಹಾರನ್ ಹೊಡೆಯದಿರುವುದು. ಪುಸ್ತಕದೊಳಗಿನ ಒಂದು ಕಥೆಯ ಹೆಸರೂ ಅವರ ಬಾಯಿಂದ ಬರಲಿಲ್ಲ. ಬರಬೇಕಿತ್ತು ಎಂದು ಸಭೆಯಲ್ಲಿ ಯಾರಿಗೂ ಅನಿಸಿದಂತೆ ಕಾಣಲಿಲ್ಲ. ವೇದಿಕೆ ಇಳಿದಾಗ ನಮ್ಮತ್ತೆ, ‘ಎಷ್ಟು ಚೆನ್ನಾಗಿ ಹೊಗಳಿದ್ರಲ್ಲೇ’ ಅಂದರು.

ಹೊಗಳಿದರೇ?

ಆ ‘ಇದ್ದೂ’ವಿನ ಕೊನೆಯ ದೀರ್ಘವನ್ನು ಒಮ್ಮೆ ಬಾಯಲ್ಲಿಟ್ಟು ನೋಡಿ. ಎಂಬತ್ತಾಗಿದ್ದೂ ಮೆಟ್ಟಿಲು ಹತ್ತುತ್ತಾರೆ. ಜ್ವರವಿದ್ದೂ ಪರೀಕ್ಷೆ ಬರೆದ. ಕೈಲಾಗದು ಎಂದು ನಾವು ಮೊದಲೇ ತೀರ್ಮಾನಿಸಿದವರು ಏನಾದರೂ ಮಾಡಿದಾಗ ಹಚ್ಚುವ ಪ್ರತ್ಯಯ ಅದು. ಎಂಬತ್ತರ ಅಜ್ಜ ಮೆಟ್ಟಿಲು ಹೇಗೆ ಹತ್ತಿದರೆಂದು ಯಾರು ಕೇಳುತ್ತಾರೆ? ಹತ್ತಿದರಲ್ಲ, ಸಾಕು. ಪರದೇಶದಲ್ಲಿ ಕೂತು ಬರೆಯುವವರಿಗೂ ಇದೇ ಅಳತೆಗೋಲು. ಬರೆದರಲ್ಲ, ಸಾಕು. ಹಾಡಿದರಲ್ಲ, ಸಾಕು. ಯಕ್ಷಗಾನದ ಕಿರೀಟ ತಲೆಯ ಮೇಲೆ ನಿಂತಿತಲ್ಲ, ಸಾಕು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲ್ಲಿ ಹೆಗ್ಗಣ ವಿಮಾನ ಹತ್ತಿ ಹೋಗಿದೆ, ಆದ್ದರಿಂದ ಇನ್ನೂ ಮುದ್ದು. ಈ ಮಾತನ್ನು ನಾಡಿನ ಸಭೆ, ಪತ್ರಿಕೆ, ಅಕಾಡೆಮಿ, ಅನಿವಾಸಿಗಳ ಕೂಟ ಎಲ್ಲರೂ ಪ್ರೀತಿಯ ಮಾತೆಂದೇ ಒಪ್ಪಿಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. ಹೊರದೇಶದ ಕನ್ನಡ ಬರವಣಿಗೆಯನ್ನು ಮೂವತ್ತು ನಲವತ್ತು ವರ್ಷಗಳಿಂದ ಮೇಲೇಳದಂತೆ ಒತ್ತಿ ಹಿಡಿದಿರುವುದು ಇದೇ ಮಾತು.

ಎ.ಕೆ. ರಾಮಾನುಜನ್ ಅಮೆರಿಕಕ್ಕೆ ಹೋದದ್ದು 1959ರಲ್ಲಿ. 1993ರಲ್ಲಿ ಷಿಕಾಗೊದಲ್ಲೇ ತೀರಿಕೊಂಡರು. ನಡುವೆ 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂತು, 1977ರಲ್ಲಿ ‘ಮತ್ತು ಇತರ ಪದ್ಯಗಳು’, 1990ರಲ್ಲಿ ‘ಕುಂಟೋಬಿಲ್ಲೆ’. ಪದ್ಮನಾಭನ ತಾವರೆಯನ್ನು ಹೆಸರಿನಲ್ಲೇ ಕಿತ್ತುಹಾಕಿ ಪುಸ್ತಕ ತಂದ ಆ ಮನುಷ್ಯನಿಗೆ ‘ಅಲ್ಲಿದ್ದೂ ನಮ್ಮ ಸಂಸ್ಕೃತಿ ಕಾಪಾಡುತ್ತಿದ್ದೀರಿ’ ಎಂದು ಶಾಲು ಹೊದಿಸಿದ್ದರೆ ಅವರು ಏನು ಮಾಡುತ್ತಿದ್ದರೋ ಊಹಿಸಿಕೊಳ್ಳಿ. ಕನ್ನಡ ಅವರನ್ನು ಕವಿಯೆಂದು ಓದಿತು. ವಿಳಾಸ ಕೇಳಲಿಲ್ಲ. ಆ ಮರ್ಯಾದೆ ಆಮೇಲೆ ಬಂದ ನಮಗೇಕೆ ಬೇಡವಾಯಿತು?

ಬೇಡವಾದದ್ದಕ್ಕೆ ನಾವೂ ಕಾರಣ. ರಿಯಾಯಿತಿ ಸಿಹಿಯಾಗಿರುತ್ತದೆ.

ನಮ್ಮ ಕೂಟಗಳ ಒಂದು ಶನಿವಾರವನ್ನು ನೋಡಿ. ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಆದರೆ ಟೆಕ್ಸಸ್ಸಿನಲ್ಲೂ ಲಂಡನ್ನಿನಲ್ಲೂ ಇದು ಹೆಚ್ಚು ಬೇರೆಯಿರುವುದಿಲ್ಲ. ಬಾಡಿಗೆಗೆ ಹಿಡಿದ ಹೈಸ್ಕೂಲಿನ ಸಭಾಂಗಣ. ಬಾಗಿಲಲ್ಲಿ ಮನೆ ಮಾರುವ ಏಜೆಂಟನ ಬ್ಯಾನರ್, ಪಕ್ಕದಲ್ಲಿ ಇನ್ಶೂರೆನ್ಸ್‌ನವನ ಮೇಜು. ನಾಡಗೀತೆ ಮುಗಿಯುತ್ತಲೇ ಐದು ವರ್ಷದ ನಾಲ್ಕು ಮಂದಿ ಒನಕೆ ಓಬವ್ವಂದಿರು ಪ್ಲಾಸ್ಟಿಕ್ ಒನಕೆ ಹಿಡಿದು ಬರುತ್ತಾರೆ. ಒನಕೆ ಎಂದರೇನು ಎಂದು ಮಗುವನ್ನು ಕೇಳಿದರೆ ಇಂಗ್ಲಿಷಿನಲ್ಲಿ ‘ಸ್ಟಿಕ್’ ಅನ್ನುತ್ತದೆ. ಸಿನಿಮಾ ಹಾಡುಗಳ ತುಂಡುಗಳನ್ನು ಪೋಣಿಸಿದ ಕುಣಿತ. ಅತ್ತೆ ಸೊಸೆ ಜಗಳದ ಹಾಸ್ಯ ನಾಟಕ. ಅದರಲ್ಲಿ ಪಂಚೆಯುಟ್ಟ ಗೌಡರೊಬ್ಬರು ಇದ್ದೇ ಇರುತ್ತಾರೆ, ಆ ಪಾತ್ರ ಮಾಡುವವರು ಹುಟ್ಟಿದ್ದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ. ನಡುವೆ ಬಿಸಿಬೇಳೆಬಾತಿನ ಸಾಲು. ಕೊನೆಗೆ ಸ್ಮರಣ ಸಂಚಿಕೆ. ಅದರಲ್ಲಿ ‘ನಮ್ಮೂರ ಜಾತ್ರೆ’, ‘ಅಜ್ಜಿಯ ಕೈತುತ್ತು’, ‘ಮೊದಲ ಮಳೆಯ ಮಣ್ಣಿನ ವಾಸನೆ’. ಮಣ್ಣಿನ ವಾಸನೆಯ ಮೇಲೆ ಬಂದ ಕವಿತೆಗಳನ್ನೆಲ್ಲ ಒಟ್ಟು ಮಾಡಿದರೆ ಒಂದು ಗದ್ದೆ ಮುಚ್ಚಬಹುದು.

ಇಷ್ಟು ಮಾಡುವುದಕ್ಕೂ ಜನ ರಾತ್ರಿ ನಿದ್ದೆಗೆಟ್ಟು ದುಡಿಯುತ್ತಾರೆ, ಕೈಯಿಂದ ದುಡ್ಡು ಹಾಕುತ್ತಾರೆ. ನನಗೆ ಗೊತ್ತು, ನಾನೂ ಖುರ್ಚಿ ಮಡಚಿದವಳೇ. ಆದರೆ ದುಡಿಮೆಯನ್ನು ತೋರಿಸಿ ಬರವಣಿಗೆಯ ಪ್ರಶ್ನೆಯನ್ನು ಮುಚ್ಚಬೇಡಿ. ಆ ಸಂಚಿಕೆಯ ನೂರಿಪ್ಪತ್ತು ಪುಟಗಳಲ್ಲಿ ಅದನ್ನು ಬರೆದವರು ವಾಸವಾಗಿರುವ ಊರು ಎಲ್ಲಿದೆ? ಅವರ ಬೀದಿ, ಅವರ ಬಾಸ್, ಅವರ ಭಯ?

ನನ್ನದೇ ಕಥೆ ಹೇಳುತ್ತೇನೆ. ನಾನು 2006ರಲ್ಲಿ ಎಚ್-4 ವೀಸಾದ ಮೇಲೆ ಹೋದೆ. ಎಚ್-1ಬಿ ಕೆಲಸಗಾರನ ಹೆಂಡತಿಗೆ ಕೊಡುವ ಕಾಗದ ಅದು. ಅದಿದ್ದರೆ ಊಟ ಮಾಡಬಹುದು, ಮಕ್ಕಳನ್ನು ಹೆರಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ಆ ನಿಯಮ ಸಡಿಲವಾದದ್ದು 2015ರ ಮೇ 26ರಂದು, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದವರಿಗೆ ಮಾತ್ರ. 2011ರಲ್ಲಿ ಒಂದು ಕಥೆ ಬರೆದೆ. ಕಾಲೇಜಿನಲ್ಲಿ ಆರು ವರ್ಷ ರಸಾಯನಶಾಸ್ತ್ರ ಕಲಿಸಿ ಬಂದವಳೊಬ್ಬಳು ಬೆಳಗ್ಗೆ ಹನ್ನೊಂದಕ್ಕೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಲಾಂಡ್ರಿ ಕೋಣೆಯಲ್ಲಿ ನಿಂತು, ಗಾಜಿನ ಹಿಂದೆ ತಿರುಗುವ ಬಟ್ಟೆಗಳಿಗೆ ಆವರ್ತ ಕೋಷ್ಟಕದ ಪಾಠ ಮಾಡುತ್ತಾಳೆ. ಅಷ್ಟೇ ಕಥೆ. ಒಂದು ಸಂಚಿಕೆಗೆ ಕಳಿಸಿದೆ. ಸಂಪಾದಕರು ಫೋನು ಮಾಡಿದರು, ಸಜ್ಜನರು. ‘ಮೇಡಂ, ಬರವಣಿಗೆ ಚೆನ್ನಾಗಿದೆ. ಆದರೆ ಇದು ಯುಗಾದಿ ಸಂಚಿಕೆ. ಕೊನೆಗೆ ಸ್ವಲ್ಪ ಖುಷಿ ಆಗೋ ಥರ ಮಾಡ್ತೀರಾ? ಇಲ್ಲಾಂದ್ರೆ ನಿಮ್ಮ ಮಲೆನಾಡಿನ ಮಳೆಗಾಲದ ಬಗ್ಗೆ ಏನಾದ್ರೂ ಬರ್ದುಕೊಡಿ.’

ಬರೆದುಕೊಟ್ಟೆ. ಕಂಬಳಿಕೊಪ್ಪೆ, ಹಲಸಿನ ಹಪ್ಪಳ, ಒಲೆಯ ಮುಂದೆ ಒಣಗುವ ಬಟ್ಟೆ ಎಲ್ಲವೂ ಅದರಲ್ಲಿತ್ತು. ಚಿತ್ರ ಬಿಡಿಸಿ ಅಚ್ಚು ಹಾಕಿದರು. ಊಟದ ಸಾಲಿನಲ್ಲಿ ಹದಿನೈದು ಮಂದಿ ಬಂದು ‘ಕಣ್ಣಲ್ಲಿ ನೀರು ಬಂತು’ ಅಂದರು. ನನಗೂ ಹಿತವಾಯಿತು. ಆ ಹಿತ ನನ್ನಿಂದ ನಾಲ್ಕು ವರ್ಷ ಬೇರೆ ಕಥೆ ಬರೆಸಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಗಾದೆ. ನಾವು ಆ ಗಾದೆಯನ್ನು ಸುಳ್ಳು ಮಾಡಿದವರು. ಊರಿಗೆ ಬಂದೆವು, ಮನೆ ಕೊಂಡೆವು, ಎರಡು ಕಾರು ಕೊಂಡೆವು. ಆ ಊರಿನ ಬಾವಿಕಟ್ಟೆಗೆ ಮಾತ್ರ ನಮ್ಮ ಸಾಹಿತ್ಯ ಇವತ್ತಿಗೂ ಕೊಡ ಹಿಡಿದು ಹೋಗಿಲ್ಲ. ಹೋದರೆ ಅಲ್ಲಿ ಏನೆಲ್ಲ ಇದೆ! ನನ್ನ ಪಕ್ಕದ ಮನೆಯವರು ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು. ಅವರ ಪಂಚಾಂಗದಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಉಪವಾಸದ ದಿನಗಳು. ಆ ದಿನಗಳಲ್ಲಿ ಮಾಂಸವಿಲ್ಲ, ಹಾಲಿಲ್ಲ, ತುಪ್ಪವಿಲ್ಲ. ನಮ್ಮಮ್ಮ ಬಂದಿದ್ದಾಗ ಆ ಮನೆಯ ಅಜ್ಜಿ ಬೇಲಿಯಾಚೆಯಿಂದ ಬೇಯಿಸಿದ ಕಾಳಿನ ಬಟ್ಟಲು ಚಾಚಿದರು, ಅಮ್ಮ ಅವರೆಕಾಳಿನ ಉಸಲಿ ಕೊಟ್ಟರು. ಒಬ್ಬರಿಗೆ ಅರಬ್ಬಿ, ಒಬ್ಬರಿಗೆ ಕನ್ನಡ. ಮೂರು ತಿಂಗಳು ಬೇಲಿಯ ಬಳಿ ದಿನಾ ಅರ್ಧ ಗಂಟೆ ಮಾತಾಡಿದರು. ಏನು ಮಾತಾಡಿದರೋ ದೇವರೇ ಬಲ್ಲ. ಯಾವ ಜಾತ್ರೆಯ ನೆನಪಿಗೆ ಈ ಬೇಲಿ ಕಡಿಮೆ?

ಬಾಣಂತನದ ಪಾಳಿ ನೋಡಿ. ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಮೊದಲ ಆರು ತಿಂಗಳು ಹುಡುಗಿಯ ತಾಯಿ, ಮುಂದಿನ ಆರು ತಿಂಗಳು ಹುಡುಗನ ತಾಯಿ, ವಿಮಾನ ನಿಲ್ದಾಣದಲ್ಲಿ ಕೀಲಿಕೈ ಕೈ ಬದಲಾಯಿಸಿದಂತೆ ಮಗು ಕೈ ಬದಲಾಯಿಸುತ್ತದೆ. ಡಿಸೆಂಬರ್ ಜನವರಿಯಲ್ಲಿ ಈ ತಾಯಂದಿರು ಕಿಟಕಿಯ ಪಕ್ಕ ಕೂತು ಹಿಮ ನೋಡುತ್ತ ಏನು ಯೋಚಿಸುತ್ತಾರೆ? ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ನೋಡಿ. ಒಂದು ದೇಶಕ್ಕೆ ನೂರಕ್ಕೆ ಏಳು ಎಂಬ ಮಿತಿಯಿಂದಾಗಿ ಅರ್ಜಿ ಹಾಕಿದಾಗ ಅಂಗನವಾಡಿ ವಯಸ್ಸಿನಲ್ಲಿದ್ದ ಮಗು 21 ತುಂಬಿ ಆ ಅರ್ಜಿಯಿಂದಲೇ ಹೊರಬೀಳುತ್ತದೆ. ಕೆಲಸ ಹೋದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ, ಇಲ್ಲವೆ ಬೇರೆ ದಾರಿ, ಇಲ್ಲವೆ ಸೂಟ್‌ಕೇಸು. ಆ 60 ದಿನಗಳಲ್ಲಿ ಒಂದು ದಿನ ಗಣೇಶ ಚತುರ್ಥಿಯೂ ಬರುತ್ತದೆ. ಆ ಮನೆಯ ಗಂಡಸು ಕೂಟಕ್ಕೆ ಬಂದು ಎಲ್ಲರ ಹಾಗೆ ನಗುತ್ತ ಕಡುಬು ತಿನ್ನುತ್ತಾನೆ. ಅವನನ್ನು ಕಂಡ ಕಣ್ಣು ಎಲ್ಲಿ? ಅಪ್ಪ ತೀರಿಕೊಂಡಾಗ ವೀಸಾ ಸ್ಟಾಂಪಿಂಗ್ ಸಿಗದೆ ವಾಪಸಾಗಲಾರೆನೆಂಬ ಭಯಕ್ಕೆ ಊರಿಗೆ ಹೋಗದೆ, ಚಿತೆಗೆ ಬೆಂಕಿ ಇಡುವುದನ್ನು ವಾಟ್ಸಾಪಿನಲ್ಲಿ ನೋಡಿ, ಹತ್ತು ಗಂಟೆಗೆ ಆಫೀಸಿನ ಮೀಟಿಂಗಿಗೆ ಕೂತವರು ನನ್ನ ಪರಿಚಯದಲ್ಲೇ ಮೂವರಿದ್ದಾರೆ. ಮೂವರಲ್ಲಿ ಒಬ್ಬರು ಕವಿ. ಅವರ ಇತ್ತೀಚಿನ ಕವಿತೆಯ ವಸ್ತು ತುಂಗೆಯ ಕಲರವ.

ಇನ್ನು ಜಾತಿ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಂಥದ್ದೇ ಮಸೂದೆ ಕ್ಯಾಲಿಫೋರ್ನಿಯಾದ ಶಾಸನಸಭೆಯಲ್ಲಿ ಪಾಸಾಗಿ, ಅಕ್ಟೋಬರಿನಲ್ಲಿ ಗವರ್ನರ್ ಮೇಜಿನ ಮೇಲೆ ಸತ್ತಿತು. ಆ ಎಂಟು ತಿಂಗಳು ನಮ್ಮ ಊಟದ ಮೇಜುಗಳಲ್ಲಿ ಬೇರೆ ಮಾತೇ ಇರಲಿಲ್ಲ. ‘ನಮ್ಮಲ್ಲಿ ಎಲ್ಲಿದೆ ಜಾತಿ?’ ಎಂದು ಗುಡುಗಿದವರು ಮಾರನೆಯ ವಾರ ತಮ್ಮ ತಮ್ಮ ಜಾತಿಯ ಸಮಾಜದ ಪಿಕ್‌ನಿಕ್ಕಿಗೆ ಹೋದರು. ಕಥೆಗಾರನಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ಎಲೆಯ ಮೇಲೆ ಬಡಿಸಿಟ್ಟ ಹಾಗಿತ್ತು. ಯಾರೂ ಕೈ ಹಾಕಲಿಲ್ಲ.

‘ದೂರ ಹೋದವರು ನೆನಪನ್ನೇ ಬರೆಯುತ್ತಾರೆ, ಅದು ಸಹಜ’ ಅನ್ನುತ್ತೀರಿ. ಸುಳ್ಳು. ಕನ್ನಡದ ಚರಿತ್ರೆಯೇ ಇದನ್ನು ಸುಳ್ಳೆನ್ನುತ್ತದೆ. ಮುಂಬಯಿ ಎಂಬ ಪರಭಾಷೆಯ ನಗರಕ್ಕೆ ಕರಾವಳಿಯಿಂದ ಹುಡುಗರು ಹೋದರು. ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದರು, ರಾತ್ರಿಶಾಲೆಯಲ್ಲಿ ಓದಿದರು. ಯಶವಂತ ಚಿತ್ತಾಲರಿಗೆ ಹನೇಹಳ್ಳಿಯ ನೆನಪಿರಲಿಲ್ಲವೇ? ಇತ್ತು, ಮನಸಾರೆ ಬರೆದರು. ಅದೇ ಚಿತ್ತಾಲರು 1979ರಲ್ಲಿ ‘ಶಿಕಾರಿ’ ಬರೆದರು. ಮುಂಬಯಿಯ ಕಂಪನಿಯೊಂದರಲ್ಲಿ ಮನುಷ್ಯನನ್ನು ಮನುಷ್ಯ ಬೇಟೆಯಾಡುವ ಕಾದಂಬರಿ. ಅದರ ನಾಯಕ ನಾಗಪ್ಪನ ಬೆವರು ಇವತ್ತಿನ ಲೇಆಫ್ ಕಾಲದಲ್ಲೂ ಒಣಗಿಲ್ಲ. ಗೋಕರ್ಣದ ಜಯಂತ ಕಾಯ್ಕಿಣಿ ಮುಂಬಯಿಯ ಚಾಳುಗಳಿಗೂ ಲೋಕಲ್ ರೈಲುಗಳಿಗೂ ಕನ್ನಡ ಕಲಿಸಿದರು. ಆ ಕಥೆಗಳು ಇಂಗ್ಲಿಷಿಗೆ ಹೋಗಿ 2018ರ ಡಿಎಸ್‌ಸಿ ಪ್ರಶಸ್ತಿ ತಂದವು. ಮುಂಬಯಿಯವರಿಗೆ ಯಾರೂ ‘ಅಲ್ಲಿದ್ದೂ’ ಅನ್ನಲಿಲ್ಲ. ಬಹುಶಃ ಡಾಲರ್ ಇಲ್ಲದ ಕಡೆ ಆ ಪ್ರತ್ಯಯ ಹತ್ತುವುದಿಲ್ಲ.

ಇನ್ನೂ ಒಂದು ತಮಾಷೆ ಇದೆ. ಅಮೆರಿಕದ ಬಗ್ಗೆ ಕನ್ನಡದ ಮನೆಮಾತಾದ ಪುಸ್ತಕ ಯಾವುದು? ‘ಅಮೆರಿಕದಲ್ಲಿ ಗೊರೂರು’. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಬರೆದವರು ಹಾಸನ ಜಿಲ್ಲೆಯ ಹಳ್ಳಿಯಿಂದ ನೋಡಲು ಹೋದ ಎಪ್ಪತ್ತು ದಾಟಿದ ಹಿರಿಯರು. ನೋಡಿದರು, ಬರೆದರು, ವಾಪಸು ಬಂದರು. ಅಲ್ಲೇ ಉಳಿದ ನಾವು ಕಿಟಕಿಯ ಪರದೆ ಎಳೆದುಕೊಂಡು ಹೇಮಾವತಿಯ ಬಗ್ಗೆ ಬರೆಯುತ್ತಿದ್ದೇವೆ.

ಪರದೆ ಸರಿಸಿದವರೂ ಇದ್ದಾರೆ, ಅದು ನನ್ನ ವಾದಕ್ಕೇ ಬಲ. ಮಿನೆಸೋಟದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆ ‘ಹಿಜಾಬ್’ ಬರೆದದ್ದು 2017ರಲ್ಲಿ. ಆಫ್ರಿಕಾದಿಂದ ನಿರಾಶ್ರಿತರಾಗಿ ಬಂದ ಬಸುರಿಯರು ಸಿಸೇರಿಯನ್ ಬೇಡವೆನ್ನುತ್ತಾರೆ, ಅಲ್ಲಿ ನಿಂತ ಕನ್ನಡದ ಡಾಕ್ಟರು ಎರಡು ಲೋಕಗಳ ನಡುವೆ ಸಿಕ್ಕಿಬೀಳುತ್ತಾರೆ. ಆ ಕಾದಂಬರಿ ಹುಟ್ಟಿದ್ದು ಹೆರಿಗೆ ಕೋಣೆಯ ಬಾಗಿಲಲ್ಲಿ. ರಾಜ್ಯೋತ್ಸವದ ವೇದಿಕೆಯಲ್ಲಿ ಅದು ಹುಟ್ಟುವುದು ಸಾಧ್ಯವೇ ಇರಲಿಲ್ಲ.

ಹಾಗಾದರೆ ಈ ‘ಅಲ್ಲಿದ್ದೂ’ ಯಾರಿಗೆ ಬೇಕು? ಊರಿನವರಿಗೆ ಬೇಕು. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ಅಮೆರಿಕದ ಕನ್ನಡ ಕೂಟಗಳ ಮೊದಲ ‘ಅಕ್ಕ’ ಸಮ್ಮೇಳನ ನಡೆದ ಮೇಲೆ ಎಷ್ಟು ಮಂತ್ರಿಗಳು, ಎಷ್ಟು ನಟರು, ಎಷ್ಟು ಸ್ವಾಮೀಜಿಗಳು ಅಟ್ಲಾಂಟಿಕ್ ದಾಟಿ ಬಂದು ‘ಕನ್ನಡ ಉಳಿದಿರುವುದೇ ನಿಮ್ಮಿಂದ’ ಎಂದು ಭಾಷಣ ಮಾಡಿಲ್ಲ? ತಮ್ಮ ತಾಲ್ಲೂಕಿನ ಕನ್ನಡ ಶಾಲೆಗೆ ಮಕ್ಕಳಿಲ್ಲದೆ ಬೀಗ ಬೀಳುವಾಗ, ತಮ್ಮ ಮೊಮ್ಮಕ್ಕಳು ಅಂಕಿಯನ್ನು ಕನ್ನಡದಲ್ಲಿ ಎಣಿಸಲಾರದೆ ತಡವರಿಸುವಾಗ, ಎಂಟು ಸಾವಿರ ಮೈಲಿಯಾಚೆಯ ಪ್ಲಾಸ್ಟಿಕ್ ಒನಕೆಯಿಂದ ಅವರಿಗೆ ಸಮಾಧಾನ ಸಿಗುತ್ತದೆ. ನಮ್ಮನ್ನು ಕನ್ನಡದ ಉಗ್ರಾಣದ ಕಾವಲಿಗೆ ನಿಲ್ಲಿಸಿ ಅವರು ಮನೆಗೆ ಹೋಗಿ ಮಲಗುತ್ತಾರೆ. ಕಾವಲುಗಾರನಿಗೆ ಉಗ್ರಾಣದ ಕಾಳು ಬೇಯಿಸಿ ತಿನ್ನುವ ಹಕ್ಕಿಲ್ಲ. ಹೊಸ ಬೀಜ ಬಿತ್ತುವ ಹಕ್ಕಂತೂ ಇಲ್ಲವೇ ಇಲ್ಲ.

ಇದಕ್ಕಿಂತ ದೊಡ್ಡ ಆರೋಪವೊಂದಿದೆ. ಈ ಹೊಗಳಿಕೆ ಯಾರಿಗೆ ಸಲ್ಲುತ್ತದೆ ಎಂಬುದನ್ನು ಗಮನಿಸಿ. ‘ಅನಿವಾಸಿ ಕನ್ನಡಿಗ’ ಅಂದ ಕೂಡಲೆ ನಿಮ್ಮ ಕಣ್ಣ ಮುಂದೆ ಬರುವುದು ಲ್ಯಾಪ್‌ಟಾಪಿನವನು. ಹತ್ತನೇ ತರಗತಿ ಪಾಸಾಗದೆ ಕೊಲ್ಲಿಗೆ ಕೂಲಿಗೆ ಹೋಗುವವನ ಪಾಸ್‌ಪೋರ್ಟಿನ ಮೇಲೆ ಸರ್ಕಾರ ‘ಇಸಿಆರ್’ ಎಂದು ಗುರುತು ಹಾಕುತ್ತದೆ, ಇವನ ವಲಸೆಗೆ ತಪಾಸಣೆ ಬೇಕು ಎಂದು. ನಮ್ಮ ಸಾಹಿತ್ಯವೂ ಅದೇ ಮುದ್ರೆ ಒತ್ತಿ ಅವನನ್ನು ಕೌಂಟರಿನಿಂದ ಹಿಂದಕ್ಕೆ ಕಳಿಸಿದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕಂದಕಕ್ಕೆ ಬಿತ್ತು. 158 ಜನ ಸತ್ತರು, ಎಂಟು ಜನ ಉಳಿದರು. ರಜೆಗೆ, ಮದುವೆಗೆ, ಸಾವಿಗೆ ಊರಿಗೆ ಬರುತ್ತಿದ್ದ ಕರಾವಳಿಯ ಮತ್ತು ಕಾಸರಗೋಡಿನ ದುಡಿಯುವ ಮಂದಿ. ಪಕ್ಕದ ಮಲಯಾಳದಲ್ಲಿ ಬೆನ್ಯಾಮಿನ್ ಬಹರೇನಿನಲ್ಲಿ ದುಡಿಯುತ್ತಲೇ 2008ರಲ್ಲಿ ‘ಆಡುಜೀವಿತಂ’ ಬರೆದಿದ್ದರು, ಮರಳುಗಾಡಿನಲ್ಲಿ ಆಡುಗಳ ನಡುವೆ ಗುಲಾಮನಾದವನ ಕಥೆ. ಕೊಲ್ಲಿಯ ಆ ಕ್ಯಾಂಪುಗಳಲ್ಲಿ ಬಂಕಿನ ಮೇಲೆ ಮಲಗಿದ ಕನ್ನಡದ, ತುಳುವಿನ, ಬ್ಯಾರಿಯ ಹುಡುಗನ ಕಾದಂಬರಿ ತಂದು ತೋರಿಸಿ. ನಾನು ಕಾಯುತ್ತೇನೆ.

ಹಕ್ಕಿಪಿಕ್ಕಿಗಳ ವಿಷಯಕ್ಕೆ ಬನ್ನಿ. ಹುಣಸೂರಿನ ಪಕ್ಷಿರಾಜಪುರದಂಥ ಕಾಲೊನಿಗಳಿಂದ ಹೊರಟು, ಕೂದಲ ಎಣ್ಣೆ, ಗಿಡಮೂಲಿಕೆ ಮಾರುತ್ತ ಆಫ್ರಿಕಾದ ದೇಶ ದೇಶ ಸುತ್ತುವ ಜನ. ನಮ್ಮಲ್ಲಿ ಎಷ್ಟು ಮಂದಿಗೆ ಭೂಪಟದಲ್ಲಿ ಸುಡಾನ್ ತೋರಿಸಲು ಬರುತ್ತದೆ? 2023ರ ಏಪ್ರಿಲಿನಲ್ಲಿ ಅಲ್ಲಿ ಯುದ್ಧ ಶುರುವಾದಾಗ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಗುಂಡಿನ ನಡುವೆ ಸಿಕ್ಕಿಕೊಂಡಿದ್ದರು. ಚುನಾವಣೆಯ ಕಾವಿನಲ್ಲಿ ಅವರ ಹೆಸರಿನಲ್ಲಿ ಟ್ವೀಟುಗಳ ಜಗಳವೂ ಆಯಿತು. ಭಾರತೀಯರನ್ನು ಕರೆತಂದ ಕಾರ್ಯಾಚರಣೆಗೆ ಇಟ್ಟ ಹೆಸರು ‘ಕಾವೇರಿ’. ಮನೆಯಲ್ಲಿ ವಾಗ್ರಿ, ಪೇಟೆಯಲ್ಲಿ ಕನ್ನಡ, ಖಾರ್ಟೂಮಿನಲ್ಲಿ ಅಷ್ಟಿಷ್ಟು ಅರಬ್ಬಿ. ಕರ್ನಾಟಕದಿಂದ ಹೊರಟ ಯಾರ ಬದುಕು ಇದಕ್ಕಿಂತ ದೊಡ್ಡ ಕಥೆ? ‘ಅಲ್ಲಿದ್ದೂ ಕನ್ನಡ ಮರೆತಿಲ್ಲ’ ಎಂದು ಅವರಿಗೆ ಶಾಲು ಹೊದಿಸಿದವರು ಯಾರು? ವಿಶ್ವ ಕನ್ನಡ ಸಮ್ಮೇಳನದ ವೇದಿಕೆಯಲ್ಲಿ ಅವರಿಗೆ ಒಂದು ಖುರ್ಚಿ ಹಾಕಿ, ಆಮೇಲೆ ವಿಶ್ವ ಅನ್ನಿ.

ಆದ್ದರಿಂದ ಸಂಪಾದಕರೇ, ಮುಂದಿನ ಸಂಚಿಕೆಗೆ ಅಜ್ಜಿ, ಜಾತ್ರೆ, ಮೊದಲ ಮಳೆ ಮೂರಕ್ಕೂ ಒಂದು ವರ್ಷ ರಜೆ ಕೊಡಿ. ಬರೆಯುವವರಿಗೆ ಒಂದೇ ಪ್ರಶ್ನೆ ಕಳಿಸಿ: ನೀವಿರುವ ಬೀದಿಯಲ್ಲಿ ನಿನ್ನೆ ಏನಾಯಿತು? ರಿಯಲ್ ಎಸ್ಟೇಟಿನವನ ಜಾಹೀರಾತು ಎರಡು ಪುಟ ಕಡಿಮೆಯಾದರೂ ಚಿಂತೆಯಿಲ್ಲ, ಒಂದು ಪುಟದಲ್ಲಿ ಹಳೆಯ ಸಂಚಿಕೆಯ ಬರಹಗಳ ವಿಮರ್ಶೆ ಹಾಕಿ, ಹೆಸರು ಹಿಡಿದು, ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲವೆಂದು. ಕೂಟಗಳವರೇ, ನಾಟಕದ ಗೌಡರಿಗೆ ನಿವೃತ್ತಿ ಕೊಡಿ. ಆ ಪಂಚೆ ಬಿಚ್ಚಿಟ್ಟು, ಅರವತ್ತು ದಿನ ಎಣಿಸುವವನ ಟೈ ಕಟ್ಟಿಕೊಂಡು ರಂಗಕ್ಕೆ ಬನ್ನಿ. ಜನ ನಗುವುದಿಲ್ಲ ಎಂಬ ಹೆದರಿಕೆ ಬೇಡ. ನಗದಿದ್ದರೆ ನಗದಿರಲಿ. ಊರಿನ ವಿಮರ್ಶಕರೇ, ‘ಅನಿವಾಸಿ ಸಾಹಿತ್ಯ’ ಎಂಬ ಪ್ರತ್ಯೇಕ ಪಂಕ್ತಿಯನ್ನು ಎತ್ತಿಬಿಡಿ. ನಮ್ಮ ಪುಸ್ತಕವನ್ನು ಬಾಗಲಕೋಟೆಯವರ, ಬಂಟ್ವಾಳದವರ ಪುಸ್ತಕಗಳ ನಡುವೆ ಇಟ್ಟು ಓದಿ, ತೂಗಿ, ಬೇಕಾದರೆ ಬಿಸಾಡಿ.

ನನ್ನ ಪುಸ್ತಕದ 43ನೇ ಪುಟದಲ್ಲಿ ಆ ಲಾಂಡ್ರಿ ಕೋಣೆಯ ಕಥೆ ಇದೆ. ಕೊನೆಯನ್ನು ಖುಷಿ ಮಾಡಿಲ್ಲ. ಆದರೆ ಸ್ವಲ್ಪ ಎಳೆದೆನೇನೋ ಎಂದು ನನಗೇ ಅನುಮಾನವಿದೆ. ಓದಿದವರು ಯಾರಾದರೂ ಹೇಳಿ.